ಸರಪಳಿಗಿಂತ ಹೆಚ್ಚು

ಸೊಸೆ ನೀಲಿ ಅಂಗಿಯ ಮೂರನೆಯ ಗುಂಡಿಗೆ ಸೂಜಿ ಚುಚ್ಚಿದ್ದಳಷ್ಟೆ, ಅರ್ಜಿಯವರು ಬಾಗಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಕಚೇರಿಗಳ ಮುಂದೆ ಪುಟ್ಟ ಮೇಜು ಹಾಕಿಕೊಂಡು, ಕಂಡವರ ಕಷ್ಟವನ್ನೆಲ್ಲ ಬಿಳಿ ಹಾಳೆಗೆ ಇಳಿಸುವುದು ಅವರ ಕಸುಬು.

"ಮೆಲ್ಲಗೆ ಮಾತಾಡಿ," ಎಂದಳು ಅತ್ತೆ, ಮುಚ್ಚಿದ ಕೋಣೆಯ ಕಡೆ ಕಣ್ಣು ಹಾಯಿಸಿ. ಬೆಳಗಿನ ಹೊತ್ತು ಆ ಮನೆಯಲ್ಲಿ ಯಾರೂ ದನಿ ಎತ್ತುತ್ತಿರಲಿಲ್ಲ.

ಅರ್ಜಿಯವರು ಕನ್ನಡಕ ಏರಿಸಿಕೊಂಡು, ಮಡಿಕೆಯಲ್ಲೆಲ್ಲ ಸವೆದುಹೋದ ಹಾಳೆ ಬಿಡಿಸಿದರು. ಹಿಟ್ಟಿನ ಗಿರಣಿಗೆ ಬರೆದ ಪರಿಹಾರದ ಅರ್ಜಿ. ಗೋಡೆಯ ಮೇಲೆ ಹೋದ ವರ್ಷದ ಕ್ಯಾಲೆಂಡರ್ ಇದ್ದಾಗ ಶುರುವಾದದ್ದು, ಇನ್ನೂ ಹೊಸಿಲು ದಾಟಿರಲಿಲ್ಲ. "ಹೆತ್ತ ಕೈಯಲ್ಲಿ ಇಂಥದ್ದಕ್ಕೆ ರುಜು ಹಾಕು ಅಂತೀರಲ್ಲ, ನಿಮಗೆ ಹೇಗೆ ಬಾಯಿ ಬರುತ್ತೆ?" ಎಂದು ಅತ್ತೆ ಪ್ರತಿ ಸಲವೂ ಮುಖ ಮುಚ್ಚಿಕೊಂಡು ಎದ್ದುಹೋಗುತ್ತಿದ್ದಳು.

ನಿನ್ನೆ ರಾತ್ರಿ ಬಂದ ಸುದ್ದಿ ಅವಳನ್ನು ತೆಪ್ಪಗೆ ಕೂರಿಸಿತ್ತು. ಗಿರಣಿಯಲ್ಲಿ ಮೂಟೆ ಎತ್ತುವ ಯಂತ್ರದ ಸರಪಳಿಯ ಇನ್ನೊಂದು ಕೊಂಡಿ ಬಾಯಿ ಬಿಟ್ಟಿತ್ತು. ಅದೇ ಸರಪಳಿ. ಇಷ್ಟೆಲ್ಲ ಆದರೂ ಅದನ್ನೇ ಓಡಿಸುತ್ತಿದ್ದರು.

"ಸರಪಳಿ ಹರಿದು, ಕೆಳಗೆ ನಿಂತಿದ್ದವರ ಮೇಲೆ ಮೂಟೆ ಬಿದ್ದು ಸಾವು," ಅರ್ಜಿಯವರು ಓದಿದರು. "ತಾರೀಕು?"

ಸೊಸೆಯ ಸೂಜಿ ನಿಂತಿತು. "ಅದೊಂದು ಖಾಲಿ ಬಿಡಿ."

ಅವರು ಒತ್ತಾಯ ಮಾಡಲಿಲ್ಲ. "ಸರಿ, ಬೆಲೆಯ ವಿಚಾರಕ್ಕೆ ಬರೋಣ. ಸಂಬಳದಲ್ಲಿ ಆತನ ಸ್ವಂತ ಹೊಟ್ಟೆಯ ಖರ್ಚು ಕಳೆದು ಮಿಕ್ಕಿದ್ದು ಲೆಕ್ಕಕ್ಕೆ. ಊಟ ಹೇಗೆ?"

ಅತ್ತೆಯ ಮುಖ ಅರಳಿತು. "ನನ್ನ ಮಗನ ಊಟ ನೋಡೋದೇ ಒಂದು ಚಂದ. ಎರಡಾಳಿನ ಊಟ!"

"ಎರಡಾಳಿನದು ಕಳೆದರೆ ನಿಮ್ಮ ಕೈಗೆ ಬರೋದು ಸೊನ್ನೆ, ತಾಯಿ."

"ಅಯ್ಯೋ, ಎಲ್ಲಿಯ ಎರಡಾಳು? ಗುಬ್ಬಿ ಥರ ನಾಲ್ಕು ಅಗುಳು ಕುಕ್ಕಿ ಏಳೋದು!"

ಸೊಸೆ ಒಲೆಯ ಮೇಲಿದ್ದ ದೊಡ್ಡ ಪಾತ್ರೆಯನ್ನು ನೋಡಿದಳು. ತುಟಿ ಕಚ್ಚಿಕೊಂಡು ಗುಂಡಿಗೆ ಮರಳಿದಳು.

"ಗುಬ್ಬಿ," ಎಂದು ಅರ್ಜಿಯವರು ಗಂಭೀರವಾಗಿ ಬರೆದುಕೊಂಡರು. "ಇನ್ನು ಒಡನಾಟದ ನಷ್ಟ. ಗಂಡ ಅಂದಮೇಲೆ ಒಂದಿಷ್ಟು ಸುಖ ಇರುತ್ತಲ್ಲ, ಹೇಳಮ್ಮ."

"ಗೊರಕೆ."

"ಗೊರಕೆ ಹೋದರೆ ಲಾಭ ಅಂತಾರೆ ಗಿರಣಿಯವರು."

"ಅದು ಕೇಳದೆ ನನಗೆ ನಿದ್ದೆ ಹತ್ತಲ್ಲ. ಬರ್ಕೊಳ್ಳಿ."

ಅವರು ಸ್ವಲ್ಪ ಯೋಚಿಸಿ, 'ರಾತ್ರಿ ಕಾವಲು' ಎಂದು ಬರೆದರು. "ಮತ್ತೆ?"

"ಬಿಗಿಯಾದ ಡಬ್ಬಿಗಳ ಮುಚ್ಚಳ ತೆಗೆಯೋದು. ಬಚ್ಚಲಲ್ಲಿ ಹಾಡೋದು... ಅದು ಬೇಡ ಬಿಡಿ, ಪಕ್ಕದ ಮನೆಯವರನ್ನ ಸಾಕ್ಷಿಗೆ ಕರೆದರೆ ಕೆಟ್ಟೆವು. ಆಮೇಲೆ, ಜಗಳದಲ್ಲಿ ಸೋಲೋದು."

"ಅದಕ್ಕೆ ಒಳ್ಳೇ ಬೆಲೆ ಇದೆ," ಎಂದರು ಅರ್ಜಿಯವರು. ಅವರಿಗೂ ಮದುವೆಯಾಗಿತ್ತು.

ಕೂಡಿಸಿದರು, ಕಳೆದರು, ಬೆರಳು ಮಡಚಿ ಮತ್ತೆ ಕೂಡಿಸಿದರು. ಸೊಸೆ ಉಸಿರು ಬಿಗಿಹಿಡಿದು ಕೇಳಿದಳು: "ಸರಪಳಿಗಿಂತ ಹೆಚ್ಚಾಯ್ತಾ?"

ಮೊದಲಿನಿಂದಲೂ ಅವಳದು ಅದೊಂದೇ ಪ್ರಶ್ನೆ. ಹೊಸ ಸರಪಳಿ ಹಾಕಿಸಿ ಎಂದು ಎರಡು ಸಲ ಮ್ಯಾನೇಜರನ ಎದುರು ಕೈಕಟ್ಟಿ ನಿಂತುಬಂದಿದ್ದಳು. ಆತ ಬಲು ವಿನಯದ ಮನುಷ್ಯ. ಕೂರಿಸಿ, ನೀರು ಕೊಡಿಸಿ, ಸಮಾಧಾನವಾಗಿ ಹೇಳಿದ್ದ: "ಸರಪಳಿಗೆ ಅಂತ ಈ ವರ್ಷ ದುಡ್ಡು ತೆಗೆದಿಟ್ಟಿಲ್ಲಮ್ಮ. ಸಾವಿಗೆ ಅಂತ ತೆಗೆದಿಟ್ಟಿದ್ದೇವೆ. ಲೆಕ್ಕ ಹಾಕಿ ನೋಡಿದೆವು, ಸರಪಳಿಯೇ ದುಬಾರಿ." ಆವತ್ತಿನಿಂದ ಅವಳ ತಲೆಯೊಳಗೆ ಬೇರೆ ಯಾವುದೂ ಹೊಕ್ಕಿರಲಿಲ್ಲ. ತನ್ನ ಗಂಡ ಒಂದು ಮಾರು ಕಬ್ಬಿಣಕ್ಕಿಂತ ಅಗ್ಗವಾಗಕೂಡದು.

"ಇನ್ನೂ ಸರಪಳಿಯದೇ ಮೇಲುಗೈ," ಅರ್ಜಿಯವರು ತಲೆ ಕೆರೆದುಕೊಂಡರು. "ಉಳಿದಿರೋದು ತಾಯಿಯ ಸಂಕಟ ಒಂದೇ. ಅದಕ್ಕೆ ವರ್ಷದ ಲೆಕ್ಕ. ವಯಸ್ಸಾದವರಿಗೆ ಕಮ್ಮಿ ಕೊಡ್ತಾರೆ, ಹೆಚ್ಚು ದಿನ ಸಂಕಟಪಡಲ್ಲ ಅಂತ."

ನಾಳೆ ಕಣ್ಣು ಮುಚ್ಚುತ್ತೇನೆ, ನಾಡಿದ್ದು ಕಣ್ಣು ಮುಚ್ಚುತ್ತೇನೆ ಎಂದು ದಿನಬೆಳಗಾದರೆ ಹೆದರಿಸುತ್ತಿದ್ದ ಅತ್ತೆ ನೆಟ್ಟಗೆ ಕೂತಳು. "ಯಾವನು ಹೇಳಿದ್ದು? ಬರ್ಕೊಳ್ಳಿ, ನಾನು ನೂರು ತುಂಬಿಸೋಳು! ತುಂಬಿದ ಮೇಲೂ ಇರ್ತೀನಿ!"

"ಅತ್ತೆ, ನೂರು ಸಾಕು," ಎಂದಳು ಸೊಸೆ ಗಾಬರಿಯಿಂದ.

ನೂರು ಸಾಕಾಯಿತು. ತಕ್ಕಡಿ ಇತ್ತ ವಾಲಿತು. ಸರಪಳಿಗಿಂತ ಹೆಚ್ಚು, ಒಂದು ಗೊರಕೆಯಷ್ಟೇ ಹೆಚ್ಚು, ಆದರೂ ಹೆಚ್ಚು. ಅತ್ತೆ ಒಮ್ಮೆ ಕೋಣೆಯ ಬಾಗಿಲನ್ನು ನೋಡಿದಳು, ಕಣ್ಣೊರೆಸಿಕೊಂಡಳು, ರುಜು ಹಾಕಿದಳು.

"ಗುಂಡಿ ಗಟ್ಟಿಯಾಗಿ ಹೊಲಿಯಮ್ಮ," ಲಕೋಟೆಗೆ ಅಂಟು ಹಚ್ಚುತ್ತ ಅರ್ಜಿಯವರು ಹೇಳಿದರು. "ಗುರುತು ಹಿಡಿಯೋಕೆ ಬೇಕಾಗುತ್ತೆ."

ಸೊಸೆ ಅವರನ್ನು ದುರುಗುಟ್ಟಿ ನೋಡಿದಳು. ಅವರು ನಾಲಿಗೆ ಕಚ್ಚಿಕೊಂಡರು. "ಇದನ್ನ ಇವತ್ತೇ ಅಂಚೆಗೆ ಹಾಕಿಬಿಡಿ. ಓದಿದ ಮೇಲೆ ಗಿರಣಿಯವರೂ ಲೆಕ್ಕ ಹಾಕ್ತಾರೆ, ಯಾವುದು ಅಗ್ಗ ಅಂತ."

ದೂರದಲ್ಲಿ ಗಿರಣಿಯ ಸೈರನ್ ಕೂಗಿತು. ಸೊಸೆ ಹಲ್ಲಿನಿಂದ ದಾರ ಕಡಿದಳು.

ಕೋಣೆಯ ಬಾಗಿಲು ತೆರೆದು, ಎರಡಾಳಿನ ಊಟದವನು ಆಕಳಿಸುತ್ತ ಹೊರಗೆ ಬಂದ, "ಕಡೆಗೆ ನಾನು ಎಷ್ಟಕ್ಕೆ ಬಂದೆ?" ಎಂದು ಕೇಳುತ್ತ ನೀಲಿ ಅಂಗಿ ತೊಟ್ಟು, ಬೀದಿ ಕೊನೆಯ ಅಂಚೆಪೆಟ್ಟಿಗೆಗೆ ಆ ಲಕೋಟೆಯನ್ನು ತನ್ನ ಕೈಯಾರೆ ಹಾಕಿ, ಪಾಳಿಗೆ ಹೊತ್ತಾಯಿತೆಂದು ಗಿರಣಿಯತ್ತ ಓಡಿದ.