ಬೆನ್ನುರೆಕ್ಕೆಯ ಗುರುತು

ಚಿತ್ರ ಬಂದು ಒಂದು ನಿಮಿಷವೂ ಆಗಿರಲಿಲ್ಲ. ಬೇರೆ ಯಾರಾದರೂ ಕೈ ಹಾಕುವ ಮೊದಲೇ ಸಮರ್ಥ ಅದನ್ನು ತನ್ನ ಹೆಸರಿಗೆ ತೆಗೆದುಕೊಂಡ.

ಶನಿವಾರದ ಬೆಳಗ್ಗೆ. ಹ್ಯಾರೋದ ಆ ಮನೆಯ ಊಟದ ಮೇಜಿನ ಮೇಲೆ ಅವನ ಲ್ಯಾಪ್‌ಟಾಪ್ ತೆರೆದಿತ್ತು. ಮನೆ ಅವನದಲ್ಲ, ಗೆಳೆಯ ಅನಿರುದ್ಧನದು. ಅನಿರುದ್ಧ ಕಾಣೆಯಾಗಿ ಏಳು ವರ್ಷ ತುಂಬಿತ್ತು. ಬಾಸ್ಕಿಂಗ್ ಶಾರ್ಕ್ ನೋಡಿ ಬರುತ್ತೇನೆಂದು ಕಾರ್ನ್‌ವಾಲ್‌ಗೆ ಹೋದವನು ಬಾಡಿಗೆಯ ಸಣ್ಣ ದೋಣಿಯಲ್ಲಿ ಒಬ್ಬನೇ ಕಡಲಿಗಿಳಿದಿದ್ದ. ಸಂಜೆಗೆ ದೋಣಿ ಸಿಕ್ಕಿತು. ಅವನು ಸಿಗಲಿಲ್ಲ.

ಶಾರ್ಕ್ ಎಂದೊಡನೆ ಎಲ್ಲರಿಗೂ ನೆನಪಾಗುವುದು ಹಲ್ಲು. ಇದು ಆ ಜಾತಿಯದಲ್ಲ. ಹೆಚ್ಚುಕಡಿಮೆ ಬಸ್ಸಿನಷ್ಟು ಉದ್ದದ ಮೈ, ಬಾಗಿಲಿನಷ್ಟು ಅಗಲದ ಬಾಯಿ. ತಿನ್ನುವುದು ಮಾತ್ರ ನೀರಿನಲ್ಲಿ ತೇಲುವ, ಸಾಸಿವೆ ಕಾಳಿನಂಥ ಜೀವಿಗಳನ್ನು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಮನುಷ್ಯರ ತಂಟೆಗೆ ಅದು ಬರುವುದಿಲ್ಲ ಎಂದು ಪೊಲೀಸರೂ ಹೇಳಿದರು. ಹಾಗಾದರೆ ಅನಿರುದ್ಧ ಏನಾದ ಎಂದು ಹೇಳಲು ಅವರಿಗೂ ಆಗಲಿಲ್ಲ.

ಆ ವರ್ಷವೇ ಸಮರ್ಥ ಶಾರ್ಕುಗಳ ಗಣತಿ ಮಾಡುವ ಒಂದು ಸಂಘ ಸೇರಿದ. ಕಡಲಲ್ಲಿ ಅವನ್ನು ಕಂಡವರು ಚಿತ್ರ ತೆಗೆದು ಸಂಘಕ್ಕೆ ಕಳಿಸುತ್ತಾರೆ. ಒಂದೊಂದು ಮೀನಿನ ಬೆನ್ನುರೆಕ್ಕೆಯ ಅಂಚಿನಲ್ಲೂ ಕಚ್ಚು, ಕಲೆ ಬೇರೆ ಬೇರೆ. ಅದೇ ಅದರ ಗುರುತು. ಕೆಲಸವೇನೆಂದರೆ ರೆಕ್ಕೆಯನ್ನಷ್ಟೇ ಉಳಿಸಿ ಮಿಕ್ಕಿದ್ದನ್ನು ಕತ್ತರಿಸುವುದು. ಜನ ಕಾಣುವ ಚಿತ್ರವಾದರೆ ಮೂಲ ಪ್ರತಿಯನ್ನೂ ಅಳಿಸಬೇಕು, ಸಂಘದ ನಿಯಮ ಹಾಗಿದೆ. ಅಳಿಸುವ ಮೊದಲು ಸಮರ್ಥ ಪ್ರತಿ ಚಿತ್ರವನ್ನೂ ಮೂಲೆ ಮೂಲೆ ಬಿಡದೆ ನೋಡುತ್ತಿದ್ದ. ಒಂದು ಲೈಫ್ ಜಾಕೆಟ್, ಒಂದು ಶೂ, ಏನಾದರೂ ಸರಿ. ಗೆಳೆಯನಿಗಾಗಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತಿದ್ದಾನೆ ಎಂದು ಹ್ಯಾರೋದ ಕನ್ನಡದವರೆಲ್ಲ ಮೆಚ್ಚಿಕೊಂಡರು.

ಮೊದಲ ಮೂರು ಬೇಸಿಗೆ ಒಂದೊಂದು ಚಿತ್ರ ತೆರೆಯುವಾಗಲೂ ಅವನ ಎದೆ ಹೊಡೆದುಕೊಳ್ಳುತ್ತಿತ್ತು. ನಾಲ್ಕನೆಯ ಬೇಸಿಗೆಯಲ್ಲಿ ಅದು ನಿಂತುಹೋಯಿತು. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ದವಡೆಯ ಹಾಗೆ ಮನಸ್ಸು ಮರಗಟ್ಟಿತು. ದುಃಖವೂ ಇಲ್ಲ, ಸಿಟ್ಟೂ ಇಲ್ಲ. ಅಲ್ಲಿಂದ ಮುಂದೆ ಅವನು ಕಾರ್ನ್‌ವಾಲ್ ಬಿಟ್ಟು ಸ್ಕಾಟ್ಲೆಂಡಿನ ಪಶ್ಚಿಮದ ದ್ವೀಪಗಳ ಚಿತ್ರಗಳನ್ನೇ ಆರಿಸಿಕೊಳ್ಳತೊಡಗಿದ. ಅಷ್ಟು ದೂರ ಯಾಕೆಂದು ಮಾಳವಿಕಾ ಒಮ್ಮೆ ಕೇಳಿದ್ದಳು. ಶಾರ್ಕುಗಳು ಈಗ ಹೆಚ್ಚಾಗಿ ಕಾಣುವುದು ಅಲ್ಲೇ, ಇರುವ ಕಡೆ ಹುಡುಕಬೇಕಲ್ಲ ಎಂದಿದ್ದ. ಅದು ಸುಳ್ಳೇನಲ್ಲ.

ಮಾಳವಿಕಾ ಅನಿರುದ್ಧನ ಹೆಂಡತಿ. ಮಂಗಳವಾರ ಅವಳು ಕೋರ್ಟಿಗೆ ಹೋಗಬೇಕು. ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತವನೆಂದು ಇಲ್ಲಿನ ಕಾನೂನು ಒಪ್ಪುತ್ತದೆ. ಗಂಡ ಬದುಕಿದ್ದಾನೆಂದು ನಂಬಲು ಕಾರಣವಿಲ್ಲ ಎಂದು ಅವಳು ಪ್ರಮಾಣ ಮಾಡಬೇಕು, ಸಮರ್ಥ ಸಾಕ್ಷಿ ಹೇಳಬೇಕು. ಆಮೇಲೆ ಇಬ್ಬರೂ ಮದುವೆಯಾಗಬಹುದು. ಸಮರ್ಥನಿಗೆ ಅವಳೆಂದರೆ ಪ್ರಾಣ. ಮರಗಟ್ಟಿದ ಮನಸ್ಸಿನಲ್ಲಿ ಜೀವ ಉಳಿದಿದ್ದರೆ ಅದೊಂದೇ ಕಡೆ.

ಅಡ್ಡ ನಿಂತವರು ಅವಳ ಅತ್ತೆ ಕಾಮಾಕ್ಷಮ್ಮ. ಸರಕಾರಕ್ಕೆ ಏಳು ವರ್ಷ ಸಾಕಾದರೆ ಶಾಸ್ತ್ರಕ್ಕೆ ಹನ್ನೆರಡು ಬೇಕು, ಅಲ್ಲಿಯವರೆಗೆ ಕಾದು, ದರ್ಭೆಯ ಬೊಂಬೆ ಮಾಡಿ ಸುಟ್ಟು ಕರ್ಮ ಮುಗಿಸಬೇಕು ಎಂದು ಮೈಸೂರಿನಿಂದ ಬಂದು ಸೊಸೆಯ ಜೊತೆಗಿದ್ದ ಆ ಹಿರಿಯ ಜೀವ ಪಟ್ಟು ಹಿಡಿದಿತ್ತು. ಅವರು ಒಪ್ಪದೆ ಮಾಳವಿಕಾ ತಾಳಿ ತೆಗೆಯುವವಳಲ್ಲ. ಕಡೆಗೆ ಕಾಮಾಕ್ಷಮ್ಮನೇ ಸ್ವಲ್ಪ ಸಡಿಲ ಬಿಟ್ಟರು. ಮಂಗಳವಾರದೊಳಗೆ ಬರುವ ಚಿತ್ರಗಳನ್ನೂ ಸಮರ್ಥ ನೋಡಲಿ, ಅವನು ಇಲ್ಲ ಎಂದರೆ ಇಲ್ಲ ಎಂದರು.

ಚಿತ್ರ ತೆರೆದುಕೊಂಡಿತು. ಸಮರ್ಥ ತುಂಬ ಹೊತ್ತು ನೋಡಿದ. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಕೇಳಿದಾಗ, ವಯಸ್ಸಾದವರ ಕಣ್ಣಿಗೂ ಕಾಣಲಿ ಎಂಬಂತೆ, ಪರದೆಯ ತುಂಬ ರೆಕ್ಕೆಯೊಂದೇ ಬರುವಷ್ಟು ಹಿಗ್ಗಿಸಿದ.

ಸೊಸೆಯ ತೋಳು ಹಿಡಿದುಕೊಂಡು ಬಂದ ಕಾಮಾಕ್ಷಮ್ಮ ಬಗ್ಗಿ ನೋಡಿದರು. ಬೂದುಬಣ್ಣದ ರೆಕ್ಕೆ, ತುದಿಯಲ್ಲಿ ಒಂದು ಕಚ್ಚು, ಸುತ್ತ ನೀರು.

"ಸರಿಯಾಗಿ ನೋಡಿದ್ಯೇನಪ್ಪ?"

"ನೋಡ್ದೆ ಅಮ್ಮ. ಇದು ಬಿಟ್ರೆ ನಿಮಗೆ ತೋರಿಸೋ ಅಂಥದ್ದು ಏನೂ ಇಲ್ಲ."

ಅವರು ಅಳಲಿಲ್ಲ. ಅಳು ಯಾವತ್ತೋ ಬತ್ತಿಹೋಗಿತ್ತು. ಅವನ ತಲೆಯ ಮೇಲೆ ಕೈಯಿಟ್ಟರು. "ನನ್ನ ಮಗನ್ನ ನಿನ್ನಷ್ಟು ಇನ್ಯಾರೂ ಹುಡುಕ್ಲಿಲ್ಲ ಕಣಪ್ಪ. ಇನ್ನು ಸಾಕು. ಇವಳ್ನ ಚೆನ್ನಾಗಿ ನೋಡ್ಕೊ."

ಮಾಳವಿಕಾ ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿದ ಸದ್ದು, ಅದರ ಕೆಳಗೆ ಅವಳು ಬಿಕ್ಕಿ ಬಿಕ್ಕಿ ಅಳುವ ಸದ್ದು ಕೇಳಿತು. ಕಾಮಾಕ್ಷಮ್ಮ ಗೋಡೆ ಹಿಡಿದುಕೊಂಡು ಸೊಸೆಯ ಹಿಂದೆ ಹೋದರು. ಸಮರ್ಥನಿಗೂ ಹೋಗಬೇಕೆನಿಸಿತು. ಆದರೆ ಕೆಲಸ ಇನ್ನೂ ಮುಗಿದಿರಲಿಲ್ಲ.

ಹಿಗ್ಗಿಸಿದ್ದನ್ನು ಅವನು ಮತ್ತೆ ಸಣ್ಣದು ಮಾಡಿದ. ಚಿತ್ರ ಪೂರ್ತಿ ಕಂಡಿತು. ಶಾರ್ಕಿನ ಪಕ್ಕದಲ್ಲಿ ಪ್ರವಾಸಿಗರ ದೋಣಿ. ದೋಣಿ ನಡೆಸುವವನು ಬಿಸಿಲಿಗೆ ಈಜುಡುಗೆಯನ್ನು ಸೊಂಟದವರೆಗೆ ಇಳಿಸಿಕೊಂಡು, ನಗುತ್ತ, ಅವರಿಗೆ ಮೀನು ತೋರಿಸುತ್ತಿದ್ದ. ಉಪಾಕರ್ಮ ಕಳೆದು ಮೂರು ದಿನವಾಗಿತ್ತು. ಅವನ ಎಡ ಹೆಗಲ ಮೇಲೆ, ಅರಿಸಿನ ಇನ್ನೂ ಮಾಸದ ಹೊಸ ಜನಿವಾರ. ಹೆಸರು ಬಿಟ್ಟಿದ್ದ, ಹೆಂಡತಿಯನ್ನೂ ಹೆತ್ತವಳನ್ನೂ ಬಿಟ್ಟಿದ್ದ, ಅದೊಂದನ್ನು ಬಿಡಲು ಅವನಿಂದ ಆಗಿರಲಿಲ್ಲ.

ಹಿಂದಿನ ಮೂರು ಬೇಸಿಗೆಗಳಲ್ಲಿ ಮಾಡಿದ ಹಾಗೆಯೇ, ಸಮರ್ಥ ರೆಕ್ಕೆಯನ್ನು ಉಳಿಸಿಕೊಂಡು ಅನಿರುದ್ಧನನ್ನು ಅಳಿಸಿದ.