ಹಸಿರು ಉರಿ

ಬುರ್ಹಾನುದ್ದೀನ್ ಬೆಸುಗೆಯ ಬರ್ನರಿಗೆ ಲೈಟರ್ ಹಿಡಿಯುವಷ್ಟರಲ್ಲಿ ಮಗಳು ಮುಸ್ಕಾನ್ ಗಪ್ಪನೆ ಅವನ ಮುಂಗೈ ಹಿಡಿದಳು.

"ಅಬ್ಬಾ, ಬ್ಯಾಡ್ರಿ! ಈ ಫ್ರೀಜರಿನ ಗ್ಯಾಸ್ ಬೆಂಕಿ ಹಿಡೀತದ." ಹಿಂಬದಿಗೆ ಅಂಟಿಸಿದ್ದ ಹಳದಿ ಚೀಟಿಯಲ್ಲಿನ ಉರಿಯ ಗುರುತು ತೋರಿಸಿ, ಒಳಕೋಣೆಯತ್ತ ಕೂಗಿದಳು. "ಬಂಡೆಮ್ಮವ್ವ, ಚಹಾಕ್ಕ ಒಲಿ ಹಚ್ಚಬ್ಯಾಡ್ರಿ! ಹೊರಗ ಬರ್ರಿ ಮೊದಲ!"

ಕಮಲಾಪುರದಲ್ಲಿ ಬಂಡೆಮ್ಮನದು ಮೂವರು ನಿಂತರೆ ತುಂಬಿಹೋಗುವ ಐಸ್‌ಕ್ರೀಮ್ ಅಂಗಡಿ. ಹೊಸ ಫ್ರೀಜರ್ ತಣ್ಣಗಾಗುತ್ತಿಲ್ಲವೆಂದು ಫೋನ್ ಬಂದಾಗ ತಂದೆ ಮಗಳು ಕಲಬುರಗಿಯ ಮೋಮಿನಪುರದಿಂದ ಬೈಕಿನಲ್ಲಿ ಬಂದಿದ್ದರು. ಸೋರುವ ಜಾಗವನ್ನು ಉರಿ ಹಿಡಿದು ಹುಡುಕುವುದರಲ್ಲಿ ಬುರ್ಹಾನುದ್ದೀನನದು ಎತ್ತಿದ ಕೈ. ಹಳೆಯ ಗ್ಯಾಸ್ ತಾಗಿದರೆ ಉರಿ ಹಸಿರಾಗುತ್ತಿತ್ತು. ಎಷ್ಟು ಸಣ್ಣ ಸೋರಿಕೆಯಾದರೂ ಆ ಹಸಿರು ಅವನ ಕಣ್ಣು ತಪ್ಪಿಸಿದ್ದಿಲ್ಲ.

"ಇದು ನೆಲ ಹಿಡದು ಕೂಡ್ತದ, ಗಾಳಿ ಆಡ್ಲಿ," ಎನ್ನುತ್ತ ಮುಸ್ಕಾನ್ ಬಾಗಿಲುಗಳನ್ನು ಪೂರಾ ತೆರೆದಳು. ಮೂವರೂ ಸೇರಿ ಫ್ರೀಜರನ್ನು ಅಂಗಳಕ್ಕೆ ಎಳೆದರು. ಅವಳು ಸಾಬೂನು ನೀರನ್ನು ಬ್ರಶ್ಶಿನಿಂದ ಪೈಪಿಗೆ ಸವರುತ್ತ ಹೋದಳು. ಒಂದು ಜೋಡಣೆಯ ಹತ್ತಿರ ಸಾಸಿವೆಯಷ್ಟು ಗುಳ್ಳೆ ಎದ್ದು ಒಡೆಯಿತು, ಮತ್ತೆ ಎದ್ದಿತು.

"ಸಿಕ್ತು. ಒಳಗಿಂದು ಪೂರಾ ಖಾಲಿ ಮಾಡಿ, ಆಮ್ಯಾಲೆ ಬೆಸುಗಿ ಹಾಕೂಣು."

ಬಿಸಿಲಾಗ ನೀ ಯಾಕ ಬರ್ತಿ ಎಂದು ಬೆಳಿಗ್ಗೆ ಅವಳನ್ನು ಮನೆಯಲ್ಲೇ ಬಿಟ್ಟು ಬರಲು ನೋಡಿದ್ದು ಬುರ್ಹಾನುದ್ದೀನನಿಗೆ ನೆನಪಾಯಿತು. ಲೈಟರ್ ಇನ್ನೂ ಅಂಗೈಯಲ್ಲೇ ಇತ್ತು. ಹಾಗೇ ಜೇಬಿಗಿಳಿಸಿದ.

"ಹಳೇದು ಉರೀತಿದ್ದಿಲ್ಲ ಬೇಟಾ. ಉಳಿದದ್ದು ಗಾಳಿಗಿ ಬಿಟ್ರ ಕೆಲಸ ಮುಗೀತಿತ್ತು."

"ಗಾಳಿಗಿ ಬಿಟ್ಟದ್ದು ಎಲ್ಲೂ ಹೋಗಿಲ್ರಿ ಅಬ್ಬಾ. ಮ್ಯಾಲೇ ಕುಂತು ಸೆಕಿ ಹೆಚ್ಚು ಮಾಡಾಕತ್ತದ. ಅದಕ್ಕ ಈಗ ಗ್ಯಾಸೇ ಬದಲಿ ಮಾಡಾಕತ್ತಾರ." ತಂದೆಯ ಮುಖ ನೋಡದೆ, ಪೈಪು ಒರೆಸುತ್ತಲೇ ಮೆಲ್ಲಗೆ ಹೇಳಿದಳು.

ಬಂಡೆಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಕಬ್ಬಿಣದ ಬಾಗಿಲು ಕೈ ಇಡಲಾಗದಷ್ಟು ಕಾದಿತ್ತು. "ಏನರ ಅನ್ರಿ ಉಸ್ತಾದ, ಹಳೇ ಗ್ಯಾಸೇ ಚೊಲೊ ಇತ್ತು. ಬೆಂಕಿ ಅಂಜಿಕಿ ಇದ್ದಿದ್ದಿಲ್ಲ."

ಹೌದೆನ್ನಲು ಬಾಯಿ ತೆರೆದವನು ಬಿಳಿಚಿಕೊಂಡ ಆಕಾಶವನ್ನು ಒಮ್ಮೆ ನೋಡಿದ.

"ಬೆಂಕಿ ಅದರಾಗೂ ಇತ್ತವ್ವಾ. ಇದರದು ಕಣ್ಣಿಗಿ ಕಾಣ್ತದ. ಅದರದು ಕಾಣ್ಲಿಲ್ಲ."