ಅಟ್ಟದಿಂದ ಬಂದ ಅನ್ನದ ವಾಸನೆ

ಈಗಲೂ ಬಾಸುಮತಿ ಅಕ್ಕಿ ಕುದಿಯುವ ವಾಸನೆ ಬಂದರೆ ನನಗೆ ಅಥಣಿ ಹತ್ತಿರದ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ. ನನಗಾಗ ಒಂಬತ್ತು ವರ್ಷ. ದಿನಾ ಜೋಳದ ರೊಟ್ಟಿ ತಿನ್ನುವ ಮನೆ ನಮ್ಮದು, ಅನ್ನ ಹಬ್ಬಕ್ಕೆ ಮಾತ್ರ. ಆದರೆ ಮೂರು ದಿನದಿಂದ ಮನೆ ತುಂಬ ಘಮಘಮ ಅನ್ನದ ವಾಸನೆ.

ಅಪ್ಪನ ತಾಯಿ, ನಮ್ಮ ಆಯಿ, ಪಕ್ಕದ ಮನೆಯ ಗಂಗವ್ವನ ಎದುರೇ ಅವ್ವನನ್ನು ಕೇಳಿದಳು: "ಯಾರಿಗೆ ಕದ್ದು ಅನ್ನಾ ಮಾಡಾಕತ್ತೀಯವಾ? ತವರಮನಿಗೇನ?"

"ದೇವರಾಣಿ ಇಲ್ರಿ ಅತ್ತಿ. ಒಲಿ ಮುಟ್ಟಿ ನೋಡ್ರಿ, ತಣ್ಣಗೈತಿ."

ಆಯಿ ಮುಟ್ಟಲಿಲ್ಲ. ಗಂಗವ್ವ ನಗುತ್ತ ತನ್ನ ಮನೆಗೆ ಹೋದಳು.

ನಾನು ಒಲೆ ಮುಟ್ಟಿದೆ. ತಣ್ಣಗಿತ್ತು. ವಾಸನೆ ಹಿಡಿದು ಏಣಿ ಹತ್ತಿದೆ. ಅಟ್ಟದಲ್ಲಿ ಹಳೆಯ ಕೌದಿಯ ಮೇಲೆ ಉದ್ದ ಬಾಲದ ಬೂದು ಪ್ರಾಣಿಯೊಂದು ಎರಡು ಮರಿಗಳನ್ನು ಅವಚಿಕೊಂಡು ಮಲಗಿತ್ತು. ಅದರ ಮೈಯಿಂದಲೇ ಬಿಸಿ ಅನ್ನದ ವಾಸನೆ ಬರುತ್ತಿತ್ತು.

"ಆಯೀ, ಇಲ್ಲಿ ಮರಿ ಹಾಕೇತಿ!" ಎಂದು ಕೂಗಿದೆ.

ಆಯಿ ಏಣಿ ಹತ್ತಿ ಇಣುಕಿದಳು. "ಪುನುಗಬೆಕ್ಕಲೇ ಇದು! ರಾತ್ರೆಲ್ಲಾ ದ್ರಾಕ್ಷಿ ತಿಂದು ಹಗಲ ಇಲ್ಲಿ ಮಲಗತೈತಿ. ಬಡಿಗಿ ಕೊಡ್ರಿ."

"ಬಾಣಂತಿ ಐತ್ರಿ ಅತ್ತಿ, ಇರಲಿ ಬಿಡ್ರಿ," ಅಂದಳು ಕೆಳಗಿಂದ ಅವ್ವ.

ಆಯಿ ಏಣಿಯ ಮೇಲಿಂದಲೇ ಮತ್ತೊಮ್ಮೆ ಮೂಸಿ ನೋಡಿದಳು; ಅನ್ನದ ವಾಸನೆ ಅದರದೇ. ಇಳಿದವಳೇ ಬಾಗಿಲಿಗೆ ಹೋಗಿ ಓಣಿಗೆಲ್ಲ ಕೇಳುವಂತೆ ಕೂಗಿದಳು: "ಏ ಗಂಗವ್ವಾ, ನಮ್ಮ ಸೊಸಿ ಕಳ್ಳಿ ಅಲ್ಲಬೇ! ಕಳ್ಳಿ ಅಟ್ಟದಾಗ ಮಕ್ಕಳ ಸಂಗಾಟ ಮಲಗ್ಯಾಳ!"

ಅವ್ವ ಸೆರಗು ಬಾಯಿಗೊತ್ತಿ ನಕ್ಕಳು. ನನ್ನ ತಲೆಗೆ ಹತ್ತಿದ್ದ ಜೇಡರಬಲೆ ತೆಗೆಯುತ್ತ, "ದೇವರು ನಿನ್ನ ಕೊಟ್ಟಿದ್ದು ಛಲೋ ಆತು," ಅಂದಳು.

ಸಂಜೆ ಗುಡಿಗೆ ಹೋಗುವಾಗ ಅವ್ವ ಗಂಗವ್ವನ ಮನೆಯ ಮುಂದೆ ತಲೆಯೆತ್ತಿ ನಡೆದಳು. ನಾನು ಅವಳಿಗಿಂತ ಎರಡು ಹೆಜ್ಜೆ ಮುಂದಿದ್ದೆ.